ಸಿಸ್ಟರ್ ಅತ್ತಿಗೆಯ ಬೇಲಿ, ನಮ್ಮಪ್ಪನ ಕೈ

ಸಿಟ್ಟು ಬಂದರೆ ಲೋಕದವರ ದನಿ ಏರುತ್ತದೆ. ನಮ್ಮ ಅತ್ತಿಗೆಯದು ಇಳಿಯುತ್ತದೆ. ಎಷ್ಟು ಇಳಿಯುತ್ತದೆಂದರೆ, ಅವರಿಗೆ ಸಿಟ್ಟು ಬಂದಿದೆಯೇ ಎಂದು ತಿಳಿಯಲು ಹತ್ತಿರ ಹೋಗಬೇಕು. ಹತ್ತಿರ ಹೋದ ಮೇಲೆ ಯಾಕಾದರೂ ಹೋದೆನೋ ಅನ್ನಿಸುತ್ತದೆ. ಕೊನೆಗೆ ಮಾತೂ ನಿಂತು ಬಲಗೈ ಮುಂದೆ ಬರುತ್ತದೆ, ಅಂಗೈ ಮೇಲಾಗಿ ತೆರೆದುಕೊಳ್ಳುತ್ತದೆ. ತಪ್ಪು ಮಾಡಿದವನು ಆ ಅಂಗೈಯ ಮೇಲೆ ತಪ್ಪಿಗೆ ಕಾರಣವಾದ ವಸ್ತುವನ್ನು ಇಟ್ಟು, ತಲೆ ತಗ್ಗಿಸಿ ನಿಲ್ಲಬೇಕು.

ಆ ಕೈ ಮೂವತ್ತೊಂದು ವರ್ಷ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಪಳಗಿದ್ದು. ಸರ್ಜನ್‌ಗೆ ಬೇಕಾದ ಕತ್ತರಿ, ಚಿಮಟ, ಸೂಜಿಗಳನ್ನು ಕೇಳುವ ಮೊದಲೇ ಕೊಡುವ ನರ್ಸ್ ಅವರು. ಒಮ್ಮೆ ಒಬ್ಬ ದೊಡ್ಡ ಸರ್ಜನ್ ಕೋಪದಲ್ಲಿ ಚಿಮಟವನ್ನು ಗೋಡೆಗೆ ಎಸೆದರಂತೆ. ಅತ್ತಿಗೆ ಇನ್ನೊಂದು ಚಿಮಟ ಕೊಟ್ಟರು. ಆಪರೇಷನ್ ಮುಗಿದು, ಸಲಕರಣೆಗಳನ್ನು ಎಣಿಸುವ ಹೊತ್ತಿಗೆ ಕೈ ಚಾಚಿ ನಿಂತರು. ಎಣಿಕೆ ಸರಿಹೋಗದೆ ರೋಗಿಯನ್ನು ಹೊರಗೆ ಕಳಿಸುವ ಹಾಗಿಲ್ಲ. ಆರಡಿಯ ಸರ್ಜನ್ ಮಂಡಿಯೂರಿ, ಬೀರುವಿನ ಕೆಳಗೆ ಕೈ ಹಾಕಿ ಚಿಮಟ ತೆಗೆದು ಆ ಅಂಗೈಯ ಮೇಲಿಟ್ಟರು. ಆಮೇಲೆ ಅವರು ಎಸೆದದ್ದು ಬರೀ ಮಾತು.

ಆಸ್ಪತ್ರೆಯಲ್ಲಿ ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ಮನೆಯಲ್ಲೂ ಅದೇ ನಿಂತಿತು. ಅಣ್ಣ ಒಬ್ಬ ಮಾತ್ರ ಹಾಗೆ ಕರೆಯುವ ಹಾಗಿರಲಿಲ್ಲ. ಕರೆದರೆ ಸಂಬಂಧವೇ ಕೆಡುತ್ತದೆ. ನಾನು ಸಿಸ್ಟರ್ ಅತ್ತಿಗೆ ಎನ್ನುತ್ತೇನೆ. ಕಾನ್ವೆಂಟಿನಲ್ಲಿ ಓದಿದ ನನಗೆ ಸಿಸ್ಟರ್ ಎಂಬ ಪದ ಕಿವಿಗೆ ಬಿದ್ದರೆ ಈಗಲೂ ಬೆರಳ ಗೆಣ್ಣು ನೋಯುತ್ತದೆ. ಅಲ್ಲಿಯ ಸಿಸ್ಟರುಗಳ ಕೈಯಲ್ಲೂ ಒಂದು ಸಲಕರಣೆ ಇರುತ್ತಿತ್ತು: ಮರದ ಸ್ಕೇಲು.

ಅತ್ತಿಗೆಯ ಮನೆಯ ಮುಂದೆ ಒಂದು ಹಸಿರು ಬೇಲಿ. ಮೂರು ಕಡೆ ಸೇರಿ ಅರವತ್ತು ಹೆಜ್ಜೆ ಉದ್ದ, ಅವರ ಭುಜದಷ್ಟು ಎತ್ತರ. ಈ ಮನೆಗೆ ಬಂದ ವರ್ಷ ಗೇಣುದ್ದದ ಕಡ್ಡಿಗಳನ್ನು ತಾವೇ ನೆಟ್ಟು ಬೆಳೆಸಿದ್ದು. ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತರಿಯಿಂದ ಅದನ್ನು ತಾವೇ ಸವರುತ್ತಿದ್ದರು. ಆಸ್ಪತ್ರೆಯಿಂದ ಬಂದವರು ಒಮ್ಮೊಮ್ಮೆ ಬ್ಯಾಗನ್ನು ಗೇಟಿಗೆ ನೇತುಹಾಕಿ, ಒಳಗೆ ಕಾಲಿಡುವ ಮೊದಲೇ ಅರ್ಧ ಗಂಟೆ ಕಚಕಚ ಕತ್ತರಿಸಿ, ಆಮೇಲೆ ಕೈತೊಳೆದು ಒಲೆ ಹಚ್ಚುತ್ತಿದ್ದರು. ತೋಟದ ಹುಚ್ಚು ಅಂದುಕೊಂಡಿದ್ದೆವು. ಮೇಲ್ಮೈ ಎಷ್ಟು ಸಪಾಟಾಗಿರುತ್ತಿತ್ತೆಂದರೆ, ಟೀ ಲೋಟ ಇಟ್ಟರೆ ನಿಲ್ಲುತ್ತಿತ್ತು. ಅಣ್ಣ ಇಡುತ್ತಿದ್ದ ಕೂಡ, ಬೈಸಿಕೊಳ್ಳುತ್ತಿದ್ದ.

ನಿವೃತ್ತಿಯಾಗಿ ಎರಡು ವರ್ಷಕ್ಕೆ ಬಲಗೈ ಹೆಬ್ಬೆರಳಿನ ಬುಡ ಕೈಕೊಟ್ಟಿತು. ಕೈಯೇ ಕೈಕೊಟ್ಟರೆ ಯಾರಿಗೆ ದೂರು ಕೊಡುವುದು? ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಸಿಸ್ಟರ್, ಈ ಕೀಲು ಸವೆದು ಹೋಗಿದೆ. ಇನ್ನು ಆ ದೊಡ್ಡ ಕತ್ತರಿ ಮುಟ್ಟಬೇಡಿ" ಅಂದರು. ಕೆಲಸಕ್ಕೆ ಗೊತ್ತು ಮಾಡಿದ ತೋಟಗಾರ ಎರಡು ಸಲ ಬಂದ. ಒಂದು ಸಲ ಅರ್ಧ ಕತ್ತರಿಸಿದ, ಇನ್ನೊಂದು ಸಲ ಉಳಿದರ್ಧ ನೋಡಿಕೊಂಡು ಹೋದ. ನಾಲ್ಕು ತಿಂಗಳಲ್ಲಿ ಬೇಲಿ ತಲೆ ಮೀರಿ ಬೆಳೆಯಿತು. ರಸ್ತೆಯ ಕಡೆ ಕೊಂಬೆಗಳು ಚಾಚಿ ಅಂಚೆಯವನ ಮುಖ ಗೀರಿದವು. ಮೂಲೆಮನೆಯವರು ಜಗಳಕ್ಕೆ ಬಂದರು.

ನಮ್ಮಣ್ಣ ಇದಕ್ಕೇ ಕಾದಿದ್ದ. ಅವನು ರಸ್ತೆ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವನು. ಹಸಿರು ಕಂಡಲ್ಲೆಲ್ಲ ಕಪ್ಪು ಸುರಿಯುವುದು ಅವನ ಉದ್ಯೋಗವಾಗಿತ್ತು, ನಿವೃತ್ತಿಯ ಮೇಲೂ ಕೈ ತುರಿಸುತ್ತಿತ್ತು.

"ಬೇಲಿ ಕಿತ್ತುಹಾಕಿ ಗೋಡೆ ಕಟ್ಟಿಸೋಣ ಕಣೇ. ಗೋಡೆ ಬೆಳೆಯಲ್ಲ, ಕತ್ತರಿಸ್ಬೇಕಾಗಿಲ್ಲ, ಅಂಚೆಯವನನ್ನ ಕಚ್ಚಲ್ಲ."

"ಬೇಲಿ ಇರುತ್ತೆ," ಅಂದರು ಅತ್ತಿಗೆ. ದನಿ ಆಗಲೇ ಒಂದು ಮೆಟ್ಟಿಲು ಇಳಿದಿತ್ತು.

"ಯಾರು ಕತ್ತರಿಸ್ತಾರೆ? ನಾನಂತೂ ಇಲ್ಲ."

"ನಾನೇ."

"ಸರಿ ಹಾಗಾದ್ರೆ. ಇನ್ನು ಮೂರು ವಾರಕ್ಕೆ ಸೋಮವಾರ ಮೇಸ್ತ್ರಿ ಬರ್ತಾನೆ. ಅಷ್ಟರೊಳಗೆ ನೀನೇ, ನಿನ್ನ ಕೈಯಾರೆ ಮೂರೂ ಕಡೆ ಕತ್ತರಿಸಿ ನಿಲ್ಲಿಸಿದ್ರೆ ಬೇಲಿ ಇರ್ಲಿ. ಇಲ್ಲಾಂದ್ರೆ ಗೋಡೆ. ಆಮೇಲೆ ಮಾತಿಲ್ಲ."

"ಮಾತಿಲ್ಲ," ಎಂದು ಅತ್ತಿಗೆ ಎಷ್ಟು ಮೆಲ್ಲಗೆ ಹೇಳಿದರೆಂದರೆ, ನನಗೆ ಕೇಳಿಸಿದ್ದಲ್ಲ, ತುಟಿ ನೋಡಿ ತಿಳಿದದ್ದು.

ಕೈಯಲ್ಲಿ ಆಗದ್ದನ್ನು ಬ್ಯಾಟರಿಯಲ್ಲಿ ಮಾಡಬಹುದಲ್ಲ ಎಂದು ಹೊಳೆದದ್ದು ಅವರಿಗೇ. ಆದರೆ ನಮ್ಮ ಮನೆಯಲ್ಲಿ ಹೆಂಗಸರಿಗೆ ಹೊಳೆದದ್ದನ್ನು ಗಂಡಸರು ಹೊತ್ತುಕೊಂಡು ಹೋಗುವುದು ವಾಡಿಕೆ. "ಯಂತ್ರದ ವಿಷಯ ನಿಮಗ್ಯಾಕೆ ಅತ್ತಿಗೆ, ನಾನು ನೋಡ್ಕೋತೀನಿ," ಎಂದು ಚಾರ್ಜ್ ನಾನು ತೆಗೆದುಕೊಂಡೆ. ಬ್ಯಾಟರಿಗಿಂತ ಮೊದಲು ಚಾರ್ಜ್ ಆದವನು ನಾನೇ. ಎರಡು ವಾರ ಕೂತು ವಿಡಿಯೋ ನೋಡಿದೆ. ಗಡ್ಡದವನೊಬ್ಬ ಕಾಡನ್ನೇ ಕಡಿದು ಬೇಲಿ ಸವರುವುದು ಹೇಗೆಂದು ತೋರಿಸಿದ. ವೋಲ್ಟು ಎಂದರೇನು, ಬ್ಲೇಡಿನ ಹಲ್ಲುಗಳ ನಡುವೆ ಎಷ್ಟು ಅಂತರವಿರಬೇಕು, ಎಲ್ಲ ಅರೆದು ಕುಡಿದೆ. ಅತ್ತಿಗೆಯ ಕೈ ಎಷ್ಟು ತೂಕ ಹೊರುತ್ತದೆ ಎಂಬುದೊಂದನ್ನು ಬಿಟ್ಟು.

ಅಷ್ಟರಲ್ಲಿ ಅಣ್ಣನಿಗೂ ಪಾಪಪ್ರಜ್ಞೆ ಚುಚ್ಚಿತೇನೋ, ಹುಲ್ಲು ಕತ್ತರಿಸುವ ಯಂತ್ರವೊಂದನ್ನು ತಂದ. ಅವರ ಅಂಗಳದಲ್ಲಿದ್ದ ಹುಲ್ಲು ಒಂದು ಕರವಸ್ತ್ರದಷ್ಟು. ಅಣ್ಣ-ಅತ್ತಿಗೆಯ ಅಳಿಯ ತನ್ನ ಪಾಲಿಗೆ ಎಲೆ ಊದುವ ಬ್ಲೋಯರ್ ಕಳಿಸಿದ. ಅತ್ತಿಗೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಗಾಳಿ ಊದೋಕೂ ಯಂತ್ರನಾ? ನಿಮ್ಮಣ್ಣ ಸಾಕಾಗಿರ್ಲಿಲ್ವಾ?" ಅಂದರು. ಎರಡೂ ಬೇರೆ ಬೇರೆ ಕಂಪನಿಯವು. ಅದರ ಬ್ಯಾಟರಿ ಇದಕ್ಕೆ ಕೂರದು, ಇದರ ಚಾರ್ಜರ್ ಅದಕ್ಕೆ ಆಗದು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಮೂರನೆಯದಾಗಿ ಬಂದದ್ದು ನನ್ನ ಟ್ರಿಮ್ಮರ್: ನಲವತ್ತು ವೋಲ್ಟು, ತೋಳಿಗಿಂತ ಉದ್ದದ ಬ್ಲೇಡು, ಮೂರನೆಯ ಕಂಪನಿ. ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಚಾರ್ಜರುಗಳು ಸಾಲಾಗಿ ಕೂತು ಮೂರನೆಯದಕ್ಕೂ ಜಾಗ ಹಿಡಿದವು. ಮಿಕ್ಸಿ ಗಂಟುಮೂಟೆ ಕಟ್ಟಿಕೊಂಡು ಊಟದ ಮೇಜಿಗೆ ಹೋಯಿತು.

ಚಾರ್ಜರುಗಳಿಗೆ ಅಲ್ಲಿ ಒಬ್ಬ ವೈರಿಯೂ ಇದ್ದ. ಅದು ನಮ್ಮಪ್ಪನ ಕೈ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು, ಕೈ ಉಳಿದಿದೆ. ಅವರು ವಿದ್ಯುತ್ ಕಚೇರಿಯಲ್ಲಿ ಮನೆಮನೆಯ ಮೀಟರ್ ಓದುತ್ತಿದ್ದವರು. ಊರವರ ಮೀಟರುಗಳೆಲ್ಲ ತಿರುಗುವುದನ್ನು ನೋಡಿ ನೋಡಿ, ತಮ್ಮ ಮನೆಯದು ತಿರುಗಬಾರದೆಂಬ ಛಲ ಹುಟ್ಟಿತ್ತು. ಕೋಣೆಯಿಂದ ಹೊರಗೆ ಕಾಲಿಡುವ ಮೊದಲು ಕೈ ಸ್ವಿಚ್ಚಿಗೆ ಹೋಗಬೇಕು. ಹೋಗದಿದ್ದರೆ ಅಪ್ಪನ ಕೈ ನಮ್ಮ ತಲೆಗೆ ಬರುತ್ತಿತ್ತು. ಅಣ್ಣನಿಗೂ ನನಗೂ ಅದು ಮಾತು ಬರುವ ಮೊದಲೇ ಬಂದ ವಿದ್ಯೆ. ನೆಂಟರ ಮನೆಯಲ್ಲಿ ಅವರು ಓದುತ್ತಿರುವಾಗಲೇ ದೀಪ ಆರಿಸಿ ಬಂದವರು ನಾವು. ಆ ವಾರ ಅಣ್ಣ ಎರಡು ಸಲ ಚಾರ್ಜರಿನ ಸ್ವಿಚ್ ಆರಿಸಿದ. ಎರಡು ಸಲವೂ ಅತ್ತಿಗೆ ಅವನ ಎದುರು ಕೈ ಚಾಚಿದರು. ಸ್ವಿಚ್ಚನ್ನು ಕಿತ್ತು ಅಂಗೈಯ ಮೇಲಿಡಲು ಬರುವುದಿಲ್ಲವಲ್ಲ, ಅವನು ಸುಮ್ಮನೆ ತಲೆ ತಗ್ಗಿಸಿದ. ನಾನು ಪಕ್ಕದಲ್ಲಿ ನಿಂತು ನಕ್ಕೆ. ಆ ನಗೆಯ ಲೆಕ್ಕ ಮುಂದೆ ಬರುತ್ತದೆ.

ಶನಿವಾರ ಬೆಳಗ್ಗೆ, ಮೇಸ್ತ್ರಿ ಬರಲು ಎರಡೇ ದಿನ ಇರುವಾಗ, ನನ್ನ ಟ್ರಿಮ್ಮರನ್ನು ಪೆಟ್ಟಿಗೆಯಿಂದ ತೆಗೆದು ಅತ್ತಿಗೆಯ ಕೈಗಿತ್ತೆ. ಎರಡು ದಿನ ಮೊದಲೇ ಕೊಡಬಹುದಿತ್ತು. ಅಚ್ಚರಿಪಡಿಸಬೇಕೆಂದು ತಡಮಾಡಿದ್ದೆ. ಅಚ್ಚರಿಪಟ್ಟದ್ದು ನಾನು.

ಅತ್ತಿಗೆ ಅದನ್ನು ಓಡಿಸಿ ನೋಡಲಿಲ್ಲ. ಎರಡು ಕೈಯಲ್ಲಿ ಹಿಡಿದು, ತೋಳು ನೀಳವಾಗಿ ಚಾಚಿ, ಗೋಡೆಯ ಕಡೆ ಮುಖ ಮಾಡಿ ಎಣಿಸತೊಡಗಿದರು. "ಒಂದು, ಎರಡು, ಮೂರು..."

ಇದು ಅವರ ಹಳೆಯ ಪದ್ಧತಿ. ಥಿಯೇಟರಿಗೆ ಹೊಸ ಸಲಕರಣೆ ಬಂದರೆ, ಕೈ ಚಾಚಿ ಹಿಡಿದು ನೂರು ಎಣಿಸುವುದು. ನೂರರವರೆಗೆ ಕೈ ನಡುಗದಿದ್ದರೆ ಅದು ಒಳಗೆ ಬರಬಹುದು. ನಡುಗಿದರೆ, ಎಷ್ಟೇ ದೊಡ್ಡ ಕಂಪನಿಯದಾದರೂ ಪೆಟ್ಟಿಗೆಗೆ ವಾಪಸ್ಸು. ಹೊಟ್ಟೆ ಕೊಯ್ದಿಟ್ಟುಕೊಂಡು ಮಲಗಿದವನ ಮೇಲೆ ನಡುಗುವ ಕೈ ಇರಬಾರದು.

ಮೂವತ್ತೆಂಟಕ್ಕೆ ತೋಳು ನಡುಗಿತು. ನಲವತ್ತೊಂದಕ್ಕೆ ಬ್ಲೇಡಿನ ತುದಿ ನೆಲ ಮುಟ್ಟಿತು. ಅತ್ತಿಗೆ ಹೆಬ್ಬೆರಳ ಬುಡವನ್ನು ಒತ್ತಿ ಹಿಡಿದುಕೊಂಡು ಕೇಳಿದರು:

"ಇದನ್ನ ಯಾರು ಎತ್ತಿ ನೋಡಿದ್ದು?"

"ನಾನೇ ಅತ್ತಿಗೆ, ಅಂಗಡೀಲಿ. ಹೂವಿನ ಹಾಗಿತ್ತು."

"ಬ್ಯಾಟರಿ ಹಾಕ್ಕೊಂಡು ಎತ್ತಿದ್ಯಾ?"

"ಹೂಂ, ಹಾಕೇ ಇತ್ತು..." ಎನ್ನುತ್ತಿದ್ದಂತೆ ನಾಲಿಗೆ ತಡವರಿಸಿತು. ಅಂಗಡಿಯ ಗೋಡೆಗೆ ನೇತುಹಾಕಿದ್ದ ಯಂತ್ರಗಳಿಗೆಲ್ಲ ಬ್ಯಾಟರಿ ಇತ್ತು ನಿಜ. ಆದರೆ ಒಂದರ ಬ್ಯಾಟರಿಯನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದಿತ್ತು. ಆಗ ಏನೂ ಅನ್ನಿಸಿರಲಿಲ್ಲ.

ಅತ್ತಿಗೆಯ ಅಂಗೈ ಮುಂದೆ ಬಂತು. ನಾನು ನಲವತ್ತು ವೋಲ್ಟಿನ ಬ್ಯಾಟರಿಯನ್ನು ಕಳಚಿ ಅದರ ಮೇಲಿಟ್ಟೆ. ಒಂದು ಒಳ್ಳೆಯ ಕುಂಬಳಕಾಯಿಯಷ್ಟು ತೂಕ ಅನ್ನಿಸಿತು; ಅಥವಾ ಕುಂಬಳಕಾಯಿ ಕಳ್ಳನಿಗೆ ಹಾಗೆ ಅನ್ನಿಸುತ್ತದೋ ಏನೋ.

"ನನ್ನ ಕೈ ನನ್ನ ಹತ್ರ ಇತ್ತಲ್ಲಪ್ಪಾ," ಅಂದರು ಅತ್ತಿಗೆ, ಪಿಸುಮಾತಿನಲ್ಲಿ. "ಎರಡು ಬೀದಿ ಆಚೆಗೆ ಅಂಗಡಿ. ಕರ್ಕೊಂಡು ಹೋಗಿದ್ರೆ ಬರ್ತಿರ್ಲಿಲ್ವಾ? ನಿನ್ನ ಚಪ್ಪಲಿ ನಾನು ಹಾಕ್ಕೊಂಡು ನೋಡಿ ತರ್ತೀನಾ?"

ಅಂದು ಮಧ್ಯಾಹ್ನವೇ ಹೊರಟೆವು. ಅತ್ತಿಗೆ ತಮ್ಮ ಹಳೆಯ ಡ್ಯೂಟಿ ಬ್ಯಾಗಿನಲ್ಲಿ ಏನನ್ನೋ ಟವೆಲಿನಲ್ಲಿ ಸುತ್ತಿ ಇಟ್ಟುಕೊಂಡರು. ನಾನು ಟ್ರಿಮ್ಮರಿನ ಪೆಟ್ಟಿಗೆ ಹೊತ್ತುಕೊಂಡೆ. ದಾರಿಯುದ್ದಕ್ಕೂ ಅವರು ಮುಂದೆ, ನಾನು ಹಿಂದೆ.

ಅಂಗಡಿಯವನು ಟೈ ಕಟ್ಟಿಕೊಂಡ, ನಡುವಯಸ್ಸು ದಾಟಿದ ಮನುಷ್ಯ. ಮುಖದಲ್ಲಿ ನಗೆಯನ್ನು ಬೆಳಗ್ಗೆಯೇ ಅಂಟಿಸಿಕೊಂಡು ಬಂದಂತಿತ್ತು. ಅತ್ತಿಗೆ ಕೇಳಿದ್ದಕ್ಕೆಲ್ಲ ಅವನು ನನ್ನನ್ನು ನೋಡಿಕೊಂಡು ಉತ್ತರಿಸಿದ.

"ಇದು ಭಾರ," ಅಂದರು ಅತ್ತಿಗೆ.

"ಸಾರ್, ಪವರ್ ಬೇಕಂದ್ರೆ ಸ್ವಲ್ಪ ತೂಕ ಇದ್ದೇ ಇರುತ್ತೆ ಸಾರ್," ಅಂದ ನನಗೆ.

"ಇಲ್ಲಿ ಗೋಡೆ ಮೇಲಿರೋದು ಹಗುರವಾಗಿದೆ. ಬ್ಯಾಟರಿ ಟೊಳ್ಳು."

"ಅದು ಡಿಸ್‌ಪ್ಲೇ ಸಾರ್. ಎಲ್ಲ ಅಂಗಡಿಯಲ್ಲೂ ಹಾಗೇನೇ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುತ್ತಾರಲ್ಲ, ಗೋಡೆಯ ಮೇಲಿದ್ದ ಯಂತ್ರಗಳೆಲ್ಲ ಹಾಗೆ ಹೊಟ್ಟೆ ಖಾಲಿ ಇಟ್ಟುಕೊಂಡು ಸಿಂಗರಿಸಿಕೊಂಡು ನಿಂತಿದ್ದವು. ಅವನು ಮುಂದುವರಿಸಿದ: "ಅಮ್ಮನೋರಿಗೆ ಇಷ್ಟೆಲ್ಲ ಯಾಕೆ ಸಾರ್? ಹೂವಿನ ಗಿಡಕ್ಕೆ ಅಂತ ಒಂದು ಪುಟ್ಟ ಕತ್ತರಿ ಇದೆ. ಗುಲಾಬಿ ಬಣ್ಣದಲ್ಲೂ ಬರುತ್ತೆ. ಮತ್ತೆ ಪೆಟ್ಟಿಗೆ ಒಡೆದ ಮಾಲು ವಾಪಸ್ ತಗೊಳ್ಳಲ್ಲ ಸಾರ್."

ಅತ್ತಿಗೆ ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, ಯಂತ್ರ ಹೊರತೆಗೆದು, ನಿಜವಾದ ಬ್ಯಾಟರಿಯನ್ನು ಅದಕ್ಕೆ ಕೂರಿಸಿ, ಅವನ ಎರಡೂ ಕೈಗೆ ಇಟ್ಟರು. ಇಡುವುದೆಂದರೆ ಸುಮ್ಮನೆ ಇಡುವುದಲ್ಲ. ಸರ್ಜನ್‌ನ ಅಂಗೈಗೆ ಸಲಕರಣೆ ಕೊಡುವ ಹಾಗೆ, ಟಪ್ಪೆಂದು, ಕೈ ತಾನಾಗಿ ಮುಚ್ಚಿಕೊಳ್ಳುವ ಹಾಗೆ.

"ಕೈ ಚಾಚಿ ನಿಲ್ಲಿ. ನೂರು ಎಣಿಸಿ. ಕೈ ಇಳಿಸದೆ ಎಣಿಸಿದ್ರೆ ನಾನು ಇದನ್ನೇ ಎತ್ಕೊಂಡು ಮನೆಗೆ ಹೋಗ್ತೀನಿ."

"ಮೇಡಂ, ಇದೆಲ್ಲ..."

"ನನ್ನನ್ನ ನೋಡಿ ಹೇಳಿ. ಅವನಲ್ಲ ಬೇಲಿ ಕತ್ತರಿಸೋದು."

ಇಷ್ಟನ್ನೂ ಅವರು ಹೇಳಿದ್ದು ಕಾಯಿಲೆಯವರ ಮಂಚದ ಪಕ್ಕ ಮಾತಾಡುವ ದನಿಯಲ್ಲಿ. ಬಣ್ಣದ ಡಬ್ಬ ಆರಿಸುತ್ತಿದ್ದವರು, ಮೊಳೆ ತೂಗಿಸುತ್ತಿದ್ದವರು ಎಲ್ಲ ತಿರುಗಿ ನಿಂತರು. ಟೈಯವನು ಎಣಿಸತೊಡಗಿದ. ಇಪ್ಪತ್ತರವರೆಗೆ ನಗೆ ಇತ್ತು. ಮೂವತ್ತೈದಕ್ಕೆ ನಗೆ ಒಂದು ಬದಿಗೆ ಜಾರಿತು. ನಲವತ್ತೈದಕ್ಕೆ ಟೈ ಗಡಿಯಾರದ ಲೋಲಕದಂತೆ ಆಡಿತು. ಬಣ್ಣದ ಡಬ್ಬದ ಹೆಂಗಸು "ಐವತ್ತು ದಾಟ್ಲಿಲ್ಲವಲ್ರೀ ಇನ್ನೂ" ಅಂದಳು. ಐವತ್ತಮೂರಕ್ಕೆ ಅವನು ಯಂತ್ರವನ್ನು ಕೌಂಟರಿನ ಮೇಲೆ ಕುಕ್ಕಿ, ತೋಳು ಉಜ್ಜಿಕೊಂಡು, ಬದುಕಿನಲ್ಲಿ ಮೊದಲ ಸಲವೆಂಬಂತೆ ಅತ್ತಿಗೆಯ ಮುಖ ನೋಡಿ ಹೇಳಿದ:

"ಏನು ಬೇಕು ಹೇಳಿ ಮೇಡಂ."

ಆಮೇಲೆ ಅತ್ತಿಗೆ ಆರಿಸಿದ ರೀತಿ ನೋಡಬೇಕಿತ್ತು. ವೋಲ್ಟಿನ ಹಣೆಬರಹ ಓದಲೇ ಇಲ್ಲ. ಎಲ್ಲಕ್ಕೂ ತುಂಬಿದ ಬ್ಯಾಟರಿ ಹಾಕಿಸಿ ಎತ್ತಿದರು. ಬ್ಲೇಡಿನ ಕಡೆ ತೂಗುತ್ತದೋ, ಹಿಡಿಕೆಯ ಕಡೆ ತೂಗುತ್ತದೋ ಎಂದು ಒಂದೇ ಬೆರಳ ಮೇಲೆ ನಿಲ್ಲಿಸಿ ನೋಡಿದರು. ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಬೇಕಾದದ್ದನ್ನೆಲ್ಲ ಪಕ್ಕಕ್ಕಿಟ್ಟು, ನಾಲ್ಕು ಬೆರಳು ಸೇರಿ ಅಮುಕುವಂಥದ್ದನ್ನೇ ಉಳಿಸಿಕೊಂಡರು. ಎರಡು ಕೈಯೂ ಹಿಡಿಕೆಯ ಮೇಲಿದ್ದರೆ ಮಾತ್ರ ಬ್ಲೇಡು ಓಡುತ್ತದೆಯೇ, ಒಂದು ಕೈ ಬಿಟ್ಟರೆ ತಕ್ಷಣ ನಿಲ್ಲುತ್ತದೆಯೇ ಎಂದು ಹತ್ತು ಸಲ ನೋಡಿದರು. ಕೊನೆಗೆ ಮೂರು ಉಳಿದಾಗ ಡ್ಯೂಟಿ ಬ್ಯಾಗು ತೆರೆದು ಟವೆಲ್ ಬಿಚ್ಚಿದರು. ಒಳಗೆ ಅಳಿಯನ ಬ್ಲೋಯರಿನ ಬ್ಯಾಟರಿ, ಅಣ್ಣನ ಹುಲ್ಲಿನ ಯಂತ್ರದ ಬ್ಯಾಟರಿ, ಎರಡೂ ಕೂಸುಗಳಂತೆ ಮಲಗಿದ್ದವು.

"ಒಂದೇ ಕಂಪನಿಯಾದ್ರೂ ಕೂತೇ ಕೂರುತ್ತೆ ಅಂತಿಲ್ಲ ಮೇಡಂ," ಅಂದ ಟೈಯವನು, ಈಗ ನಿಜವಾದ ಗೌರವದಿಂದ.

"ಹೆಸರು ನೋಡಿ ನಾನು ಯಾವತ್ತೂ ನಂಬಿಲ್ಲ. ಕೂರಿಸಿ ನೋಡೋಣ."

ಮೊದಲನೆಯದಕ್ಕೆ ಎರಡೂ ಕೂರಲಿಲ್ಲ. ಎರಡನೆಯದಕ್ಕೆ, ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟೇ ಬ್ಲೇಡಿದ್ದ ಹದಿನೆಂಟು ವೋಲ್ಟಿನ ಪುಟ್ಟ ಯಂತ್ರಕ್ಕೆ, ಅಳಿಯನ ಬ್ಯಾಟರಿ ಟಿಕ್ಕೆಂದು ಕೂತಿತು. ಅತ್ತಿಗೆ ತೋಳು ಚಾಚಿ ನೂರು ಎಣಿಸಿದರು. ನೂರಾಹತ್ತರವರೆಗೂ ಎಣಿಸಿದರು, ಟೈಯವನಿಗೆ ಕೇಳಿಸಲೆಂದು. ಅವನು ಒಡೆದ ಪೆಟ್ಟಿಗೆಯ ಮಾತೆತ್ತದೆ ನನ್ನ ನಲವತ್ತು ವೋಲ್ಟನ್ನು ವಾಪಸ್ಸು ಇಟ್ಟುಕೊಂಡ.

"ಇದರದ್ದೊಂದು, ಅಳಿಯಂದೊಂದು, ಬ್ಯಾಟರಿ ಎರಡಾಯ್ತು. ಒಂದು ಮುಗಿಯೋವರೆಗೆ ಇನ್ನೊಂದು ತುಂಬುತ್ತೆ," ಎಂದು ಅತ್ತಿಗೆ ದಾರಿಯಲ್ಲಿ ಹೇಳಿದರು. "ಒಂದು ಬ್ಯಾಟರಿ ಮುಕ್ಕಾಲು ಗಂಟೆ. ತುಂಬೋಕೆ ಒಂದು ಗಂಟೆ. ನಾಳೆ ಒಂದೇ ದಿನದಲ್ಲಿ ಮೂರೂ ಕಡೆ." ಸಿಟ್ಟು ಸ್ವಲ್ಪ ಇಳಿದಿತ್ತು, ಅಂದರೆ ದನಿ ಸ್ವಲ್ಪ ಏರಿತ್ತು.

ಭಾನುವಾರ ಬೆಳಗ್ಗೆ ಹಾಳು ಜಿಟಿಜಿಟಿ ಮಳೆ. ಒದ್ದೆ ಬೇಲಿಗೆ ಯಂತ್ರ ಹಚ್ಚಬಾರದೆಂದು ಯಂತ್ರದ ಜೊತೆ ಬಂದ ಪುಸ್ತಕದಲ್ಲಿತ್ತು. ಅತ್ತಿಗೆ ಪುಸ್ತಕ ಮೀರುವವರಲ್ಲ. ಜಗಲಿಯ ಮೇಲೆ ಕೂತು ಎಲೆ ಒಣಗುವುದನ್ನು ಕಾದರು. ಪಕ್ಕದ ಕುರ್ಚಿಯಲ್ಲಿ ಅಣ್ಣ ಪೇಪರು ಹಿಡಿದುಕೊಂಡು, "ಮೇಸ್ತ್ರಿ ಬೆಳಗ್ಗೆ ಎಂಟಕ್ಕೆ ಬರ್ತೀನಂದಿದಾನೆ," ಎಂದು ಪೇಪರಿಗೆ ಹೇಳಿದ.

ಮೂರು ಗಂಟೆಗೆ ಶುರುವಾಯಿತು. ಅತ್ತಿಗೆ ಕನ್ನಡಕ ಹಾಕಿ, ತಲೆಗೆ ಬಟ್ಟೆ ಕಟ್ಟಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಗ್ಗ ಎಳೆದು, ಹಗ್ಗದ ಗುಂಟ ಹೊರಟರು. ಯಂತ್ರ ಜೇನಿನಂತೆ ಗುಂಯ್‌ಗುಟ್ಟಿತು. ನಾಲ್ಕು ತಿಂಗಳ ಬೆಳವಣಿಗೆ ಉದುರಿ ಕಾಲ ಬಳಿ ಬಿತ್ತು. ಎಡಗಡೆ ಮುಗಿಯಿತು. ಮುಕ್ಕಾಲು ಗಂಟೆಗೆ ಮೊದಲ ಬ್ಯಾಟರಿ ತೀರಿತು. ಅದನ್ನು ಅಡುಗೆಮನೆಯ ಚಾರ್ಜರಿನ ಮೇಲೆ ತಾವೇ ಕೂರಿಸಿ, ಹಸಿರು ದೀಪ ಮಿನುಗುವುದನ್ನು ಕಣ್ಣಾರೆ ನೋಡಿ, ಎರಡನೆಯದನ್ನು ಹಾಕಿಕೊಂಡು ಬಂದರು. ಬಲಗಡೆ ಮುಗಿಯಿತು. ರಸ್ತೆಯ ಕಡೆ ಅರ್ಧಕ್ಕೆ ಬಂದರು. ಇದರ ನಡುವೆ, ಅವರು ಬಲಗಡೆ ಶುರುಮಾಡಿದಾಗಲೇ, ನನಗೆ ಬಾಯಾರಿತ್ತು. ದುಡಿಯುತ್ತಿದ್ದವರು ಅವರು, ಬಾಯಾರಿದ್ದು ನನಗೆ. ಒಳಗೆ ಹೋಗಿ ನೀರು ಕುಡಿದು ಬಂದಿದ್ದೆ.

ಎರಡನೆಯ ಬ್ಯಾಟರಿ ತೀರಿದಾಗ ಇನ್ನು ಹದಿನಾಲ್ಕು ಹೆಜ್ಜೆ ಉಳಿದಿತ್ತು. ನಾಲ್ಕೂವರೆ. ಮೊದಲನೆಯದು ತುಂಬಲು ಇನ್ನು ಕಾಲು ಗಂಟೆ ಇರಬಹುದೆಂದು ಅತ್ತಿಗೆ ಒಳಗೆ ಹೋದರು. ಹೋದವರು ತಕ್ಷಣವೇ ವಾಪಸ್ಸು ಬಂದರು. ಬಂದಾಗ ಕೈಯಲ್ಲಿ ಬ್ಯಾಟರಿ ಇತ್ತು. ಅದರ ನಾಲ್ಕು ದೀಪಗಳಲ್ಲಿ ಒಂದೂ ಉರಿಯುತ್ತಿರಲಿಲ್ಲ.

ನೇರವಾಗಿ ಅಣ್ಣನ ಮುಂದೆ ನಿಂತು ಅಂಗೈ ಚಾಚಿದರು.

"ಏನೇ?" ಅಂದ ಅಣ್ಣ.

"ಸ್ವಿಚ್ಚು."

"ನಾನಲ್ಲ ಕಣೇ! ಮೂರು ಗಂಟೆಯಿಂದ ಈ ಕುರ್ಚಿ ಬಿಟ್ಟು ಎದ್ದಿಲ್ಲ. ಈ ಪೇಪರಿನ ಮೇಲೆ ಆಣೆ!"

ಆಗ ನನ್ನ ಬಲಗೈಗೆ ನೆನಪು ಬಂತು. ತಲೆಗಲ್ಲ, ಕೈಗೆ. ನೀರು ಕುಡಿದು ಲೋಟ ಇಟ್ಟು ಹೊರಗೆ ಹೆಜ್ಜೆ ಇಡುವಾಗ ಅದು ತಾನಾಗಿ ಗೋಡೆಯ ಕಡೆ ಹೋಗಿ ಟಕ್ಕೆಂದಿತ್ತು. ಹೆಗಲು ಮುಟ್ಟಿಕೊಳ್ಳದಿದ್ದರೂ ನನ್ನ ಮುಖವೇ ಹೇಳುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಗಾದೆಯಲ್ಲಿ ಮಾತ್ರ ಎಂದುಕೊಂಡಿದ್ದೆ. ಇಲ್ಲಿ ಹೊಲದ ಕಾವಲಿಗೆ ನಿಂತ ನಾನೇ ಬೇಲಿಯನ್ನು ಮೇಯ್ದಿದ್ದೆ. ತಪ್ಪು ಯಂತ್ರ ಆರಿಸಿದವನೂ ನಾನು, ಸರಿಯಾದ ಸ್ವಿಚ್ಚು ಆರಿಸಿದವನೂ ನಾನು.

"ಅತ್ತಿಗೆ... ನಾನು," ಅಂದೆ.

ಅತ್ತಿಗೆ ತಿರುಗಿ ನೋಡಿದರು. ಮತ್ತೆ ಅಣ್ಣನನ್ನು ನೋಡಿದರು.

"ಯಾರಾದ್ರೇನು? ಎರಡೂ ಒಂದೇ ಅಪ್ಪನ ಕೈ."

"ಈಗೇನಾಯ್ತು ಬಿಡು," ಅಂದ ಅಣ್ಣ. ಅವನಿಗೆ ನಿರಪರಾಧಿಯಾದ ಹುರುಪು. "ಹದಿನಾಲ್ಕು ಹೆಜ್ಜೆ ತಾನೇ? ಹೋದ್ರೆ ಹೋಗ್ಲಿ. ಹೇಗೂ ಗೋಡೆ ಬಂದ್ರೆ ನಿನಗೂ ಆರಾಮ. ಒಂದು ಬೇಲಿಗೋಸ್ಕರ ಇಷ್ಟು..."

ಆಗ ಆದದ್ದನ್ನು ನಾನು ನಲವತ್ತು ವರ್ಷದಲ್ಲಿ ಕೇಳಿರಲಿಲ್ಲ. ಅತ್ತಿಗೆಯ ದನಿ ಇಳಿಯಲಿಲ್ಲ. ಏರಿತು.

"ಒಂದು ಬೇಲಿ ಅಲ್ಲ!"

ಮೂಲೆಮನೆಯ ಕಿಟಕಿ ತೆರೆಯಿತು. ರಸ್ತೆಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವರೊಬ್ಬರು ನಿಂತರು.

"ಮೂವತ್ತೊಂದು ವರ್ಷ! ಟೇಬಲ್ ಮೇಲೆ ಯಾರಾದ್ರೂ ಹೋದ್ರೆ ಡಾಕ್ಟರು ಕೂಗಾಡ್ತಿದ್ರು, ಮನೆಯವರು ಹೊರಗೆ ಅಳ್ತಿದ್ರು. ನಾನು ಕತ್ತರಿ ಎಣಿಸ್ತಿದ್ದೆ! ನಾನು ಕೂಗೋ ಹಾಗಿಲ್ಲ, ಅಳೋ ಹಾಗಿಲ್ಲ, ಎಣಿಕೆ ತಪ್ಪೋ ಹಾಗಿಲ್ಲ. ಆ ಸಿಟ್ಟನ್ನೆಲ್ಲ ಬ್ಯಾಗಲ್ಲಿ ಹಾಕ್ಕೊಂಡು ಬಂದು, ಗೇಟಿಗೆ ನೇತುಹಾಕಿ, ಮೊದಲು ಈ ಬೇಲಿ ಕತ್ತರಿಸ್ತಿದ್ದೆ. ಯಾಕೆ ಗೊತ್ತಾ? ಇದನ್ನ ಕತ್ತರಿಸ್ದೆ ಒಳಗೆ ಬಂದಿದ್ರೆ ನಿಮ್ಮನ್ನ ಕತ್ತರಿಸ್ತಿದ್ದೆ ರೀ!"

ಪೇಪರು ಅಣ್ಣನ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ನನಗೆ... ಯಾವತ್ತೂ ಹೇಳ್ಲಿಲ್ವಲ್ಲೇ."

"ಕೇಳಿದ್ರಾ? ಟೀ ಲೋಟ ಇಡೋಕೆ ಬರ್ತಿದ್ರಲ್ಲ, ಒಂದು ದಿನನಾದ್ರೂ ಯಾಕೆ ಹೊರಗೆ ನಿಂತಿದೀಯಾ ಅಂತ ಕೇಳಿದ್ರಾ?"

ಅಣ್ಣ ಎದ್ದ. ಗೇಟಿನ ಪಕ್ಕ ಒರಗಿದ್ದ ಹಳೆಯ ಉದ್ದ ಕತ್ತರಿಯನ್ನು ಎತ್ತಿಕೊಂಡು, "ಕೊಡು, ಉಳಿದದ್ದು ನಾನು..." ಅಂದ.

"ಇಡಿ ಅದನ್ನ! 'ನೀನೇ, ನಿನ್ನ ಕೈಯಾರೆ' ಅಂತ ಅಂದಿದ್ದು ಯಾರು? ನನ್ನ ಕೈಯಾರೆನೇ ಆಗುತ್ತೆ."

ಅತ್ತಿಗೆ ಒಳಗೆ ಹೋಗಿ ಬ್ಯಾಟರಿ ಕೂರಿಸಿ, ಸ್ವಿಚ್ಚು ಹಾಕಿ, ಚಾರ್ಜರಿನ ಮುಂದೆ ಸ್ಟೂಲು ಎಳೆದುಕೊಂಡು ಕಾವಲು ಕೂತರು. ಮಡಿಲಲ್ಲಿ ನೋಯುವ ಕೈ, ಅದರ ಮೇಲೆ ಒದ್ದೆ ಟವೆಲು. ಆ ಒಂದು ಗಂಟೆ ಯಾರೂ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಅಣ್ಣ ಬಾಗಿಲವರೆಗೆ ಬಂದ, ನಿಂತ, ಹೋದ. ಎರಡನೆಯ ಸಲ ಬಂದಾಗ ಟೀ ಲೋಟವೊಂದನ್ನು ಹೊಸ್ತಿಲ ಮೇಲಿಟ್ಟು ಹೋದ. ಎದುರುಮನೆಯಲ್ಲಿ ಮಾಡಿಸಿಕೊಂಡು ಬಂದದ್ದು, ಏಕೆಂದರೆ ಮನೆಯ ಒಲೆಯಿದ್ದದ್ದು ಆ ಸ್ಟೂಲಿನ ಆಚೆಗೆ.

ಐದೂವರೆಗೆ ನಾಲ್ಕು ದೀಪಗಳೂ ಬೆಳಗಿದವು. ಇಳಿಬಿಸಿಲಿನಲ್ಲಿ ಅತ್ತಿಗೆ ಉಳಿದ ಹದಿನಾಲ್ಕು ಹೆಜ್ಜೆಗಳನ್ನು ಹಗ್ಗದ ಗುಂಟ ಒಂದು ಎಲೆಯಷ್ಟೂ ಏರಿಳಿಯದಂತೆ ಮುಗಿಸಿದರು. ಮುಗಿಸಿ, ಯಂತ್ರ ಕೆಳಗಿಟ್ಟು, ಕಾಲ ಬಳಿ ಬಿದ್ದ ರಾಶಿ ತೋರಿಸಿ ಹೇಳಿದರು:

"ಬ್ಲೋಯರಿಗೆ ಬ್ಯಾಟರಿ ಇಲ್ಲ. ನೀವಿಬ್ಬರೂ ಇದೀರಲ್ಲ."

ರಸ್ತೆ ಹಾಕಿದ ಎಂಜಿನಿಯರೂ ಕಾನ್ವೆಂಟಿನ ವಿದ್ವಾಂಸನೂ ಮಂಡಿಯೂರಿ, ಬೊಗಸೆ ಬೊಗಸೆಯಾಗಿ ಎಲೆ ಬಾಚಿದೆವು. ಬೀರುವಿನ ಕೆಳಗೆ ಚಿಮಟ ಹುಡುಕಿದ ಸರ್ಜನ್ ನೆನಪಾದರು.

ಸೋಮವಾರ ಎಂಟಕ್ಕೆ ಮೇಸ್ತ್ರಿ ಬಂದ. ಅಳತೆಪಟ್ಟಿ ಬಿಚ್ಚಿ, "ಗೋಡೆ ಎಲ್ಲಿಂದ ಎಲ್ಲೀವರೆಗೆ ಸ್ವಾಮಿ?" ಅಂದ. ಅತ್ತಿಗೆ ಜಗಲಿಯಲ್ಲಿ ನಿಂತು ಅಣ್ಣನನ್ನೇ ನೋಡುತ್ತಿದ್ದರು. ಅಣ್ಣ ಬೇಲಿ ನೋಡಿದ, ಮೇಸ್ತ್ರಿಯನ್ನು ನೋಡಿದ.

"ಗೋಡೆ ಬೇಡ. ಈ ಜಗಲಿ ಗೋಡೆಯಲ್ಲಿ, ಗೇಟಿನ ಹತ್ರ, ಒಂದು ಪುಟ್ಟ ಗೂಡು ಮಾಡು. ಚಾರ್ಜರ್ ಇಡೋಷ್ಟು. ಮಳೆ ಬೀಳಬಾರದು. ಎಲೆಕ್ಟ್ರಿಷಿಯನ್‌ಗೆ ಹೇಳಿದೀನಿ, ಬಂದು ಒಂದು ಪ್ಲಗ್ ಹಾಕ್ತಾನೆ."

"ಸ್ವಿಚ್ಚು ಯಾವ ಕಡೆ ಬೇಕು ಸ್ವಾಮಿ?"

"ಸ್ವಿಚ್ಚು ಬೇಡ," ಅಂದ ಅಣ್ಣ. "ಬರೀ ಪ್ಲಗ್ ಸಾಕು. ಈ ಮನೆಯಲ್ಲಿ ಸ್ವಿಚ್ಚು ಇರೋ ಜಾಗದಲ್ಲಿ ಏನೂ ಉಳಿಯಲ್ಲ."

ಅತ್ತಿಗೆ ನಗಲಿಲ್ಲ. ಸಿಟ್ಟು ಇಳಿಯಿತೇ ಎಂದು ನನ್ನನ್ನು ಕೇಳಬೇಡಿ. ಇಳಿದರೆ ದನಿ ಏರುತ್ತದೋ, ಏರಿದರೆ ಸಿಟ್ಟು ಇಳಿದಿದೆಯೋ, ಆ ಭಾನುವಾರದ ಮೇಲೆ ನನಗೆ ಲೆಕ್ಕ ಸಿಕ್ಕುತ್ತಿಲ್ಲ. ಗೂಡು ಒಣಗುವವರೆಗೆ ಚಾರ್ಜರು ಅಡುಗೆಮನೆಯಲ್ಲೇ ಇತ್ತು. ಅದರ ಸ್ವಿಚ್ಚಿನ ಮೇಲೆ ಅತ್ತಿಗೆ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಪಟ್ಟಿಯನ್ನು ಅಡ್ಡ ಒಂದು, ಉದ್ದ ಒಂದು ಅಂಟಿಸಿದರು. ನೀರು ಕುಡಿದು ಹೊರಗೆ ಬರುವಾಗ ನನ್ನ ಕೈ ಅಲ್ಲಿಗೆ ಹೋಯಿತು, ಬೆರಳಿಗೆ ಪ್ಲಾಸ್ಟರ್ ತಾಗಿತು, ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತಿಗೆ, ಬಲಗೈ ಮುಂದಕ್ಕೆ ಚಾಚಿ, ಅಂಗೈ ಮೇಲಾಗಿ.

ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ನನ್ನ ಕೈಯನ್ನೇ ಅದರ ಮೇಲಿಟ್ಟೆ. ಅವರು ಅದನ್ನು ಒಂದು ಕ್ಷಣ ತೂಗಿ ನೋಡಿ, "ಟೊಳ್ಳು," ಎಂದು ವಾಪಸ್ಸು ಕೊಟ್ಟರು.